ಆ ವರ್ಷದ ಮದ್ದು ಪಾಯಸ

ಎದುರಿನ ಬಾಡಿಗೆ ಮನೆಯಲ್ಲಿರುವ ಪೋಸ್ಟ್ ಮಾಸ್ಟರ ಹೆಂಡತಿ ಮೂರ್ನಾಡು ಕಡೆಯವಳು. ಮೊನ್ನೆ ಬೆಳಿಗ್ಗೆ ಒಂದು ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದು, “ಇವತ್ತು ಆಟಿ ಹದಿನೆಂಟಲ್ವಾ ಅಮ್ಮ, ತಮ್ಮ ಊರಿಂದ ಮದ್ದುಸೊಪ್ಪು ತಂದಿದ್ದ. ಪಾಯಸ ಮಾಡಿದೆ, ನಿಮಗೂ ಸ್ವಲ್ಪ” ಎಂದಳು. ಡಬ್ಬಿ ಮುಚ್ಚಿಯೇ ಇತ್ತು. ಆದರೂ ಅದರ ವಾಸನೆ ಅವಳಿಗಿಂತ ಮೊದಲೇ ಹೊಸ್ತಿಲು ದಾಟಿ ಒಳಗೆ ಬಂತು. ಸಂತೋಷ ಕಣಮ್ಮ ಎಂದು ತೆಗೆದುಕೊಂಡೆ. ಅಡುಗೆಮನೆಯ ಮೂಲೆಯಲ್ಲಿಟ್ಟು ಸಾಯಂಕಾಲದವರೆಗೂ ಆ ಕಡೆ ಸುಳಿಯಲಿಲ್ಲ.

ಕೊಡಗಿನ ಉತ್ತರದಂಚಿನ ಶನಿವಾರಸಂತೆಯ ನಮ್ಮ ಜನರಲ್ಲಿ ಈ ಪದ್ಧತಿಯಿಲ್ಲ. ಮದ್ದುಸೊಪ್ಪು ಬೇಲಿಯಲ್ಲಿ, ತೋಡಿನ ದಡದಲ್ಲಿ ತಾನಾಗಿ ಬೆಳೆಯುವ ಗಿಡ. ವರ್ಷವಿಡೀ ಅದನ್ನು ಕೇಳುವವರಿಲ್ಲ. ಮಳೆಗಾಲದ ನಡುವಿನ ಆಟಿ ತಿಂಗಳ ಹದಿನೆಂಟನೆಯ ದಿನ ಮಾತ್ರ ಅದರೊಳಗೆ ಹದಿನೆಂಟು ಬಗೆಯ ಔಷಧಿ ಸೇರಿಕೊಳ್ಳುತ್ತದೆಂದು ದಕ್ಷಿಣದ ಕಡೆಯವರ ನಂಬಿಕೆ. ಸೊಪ್ಪು ಬೇಯಿಸಿದ ನೀರು ಕಡುನೇರಳೆಯಾಗುತ್ತದೆ. ಅದರಲ್ಲಿ ಅಕ್ಕಿ, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಮಾಡುತ್ತಾರೆ. ತಿಂದ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಕೆಂಪಾದಷ್ಟೂ ಮದ್ದು ಚೆನ್ನಾಗಿ ಹಿಡಿದಿದೆ ಎಂದು ಲೆಕ್ಕ.

ಇದೊಂದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ನರ್ಸ್ ಕೆಲಸಕ್ಕೆಂದು ಮೂರ್ನಾಡಿಗೆ ಹೋದ ಮೊದಲ ವರ್ಷ ಬಾಡಿಗೆ ಮನೆಯ ಒಡತಿ ಕೊಟ್ಟ ಪಾಯಸವನ್ನು ಬಟ್ಟಲು ತುಂಬ ತಿಂದು, ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಮುಖ ಬಿಳುಚಿಕೊಂಡು ಹೊರಗೆ ಬಂದೆ. ಅಪ್ಪನಿಗೆ ಕಾಗದ ಬರೆದು ಸಾಯಬೇಕೋ, ಬರೆಯದೆ ಸಾಯಬೇಕೋ ಎಂದು ಯೋಚಿಸುತ್ತ ಕೂತಿದ್ದೆ. ವಿಷಯ ತಿಳಿದು ಒಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಧ್ಯಾಹ್ನದೊಳಗೆ ಮೂರ್ನಾಡಿನ ಅಂಗಡಿಗಳೆಲ್ಲ ನಕ್ಕವು. ಊರಿಗೆಲ್ಲ ಬುದ್ಧಿ ಹೇಳಲು ಬಂದ ನರ್ಸಮ್ಮ ತನ್ನ ಉಚ್ಚೆ ನೋಡಿ ಹೆದರಿದಳಂತೆ ಎಂಬ ಮಾತು ನಾನು ಹೋಗುವ ಹಳ್ಳಿಗಳಿಗೆ ನನಗಿಂತ ಮೊದಲೇ ಹೋಗಿ ಮುಟ್ಟಿತು. ಸಿಟ್ಟು ಬಂದರೂ ಒಳ್ಳೆಯದೇ ಆಯಿತು. ಅದುವರೆಗೆ ಬಾಗಿಲು ಅರ್ಧ ತೆರೆದು ಮಾತಾಡುತ್ತಿದ್ದ ಹೆಂಗಸರು ಒಳಗೆ ಕರೆದು ಕೂರಿಸತೊಡಗಿದರು.

ನಾನು ಹೇಳಹೊರಟಿರುವುದು ಅದರ ಮಾರನೆಯ ವರ್ಷದ ಆಟಿಯ ಮಾತು. ಯುದ್ಧ ನಡೆಯುತ್ತಿದ್ದ ಕಾಲ. ಕೊಡಗು ಬ್ರಿಟಿಷರ ಕೈಯಲ್ಲಿತ್ತು, ಮಡಿಕೇರಿಯಲ್ಲಿ ಕಮಿಷನರ್ ಸಾಹೇಬರಿದ್ದರು. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡ ನನ್ನನ್ನು ಅಪ್ಪ ನೆಂಟರೆಲ್ಲರ ಬಾಯಿಗೆ ಬಿದ್ದು ನರ್ಸ್ ಓದಿಸಿದ್ದರು. ಓದು ಮುಗಿದ ಮೇಲೆ ಮೂರ್ನಾಡಿನ ಸುತ್ತಲಿನ ಹಳ್ಳಿಗಳಿಗೆ ಹೆಲ್ತ್ ವಿಸಿಟರ್ ಎಂದು ಹಾಕಿದರು. ಹೆಸರು ದೊಡ್ಡದು. ಕೆಲಸ ಮಾತ್ರ ನಡೆಯುವುದು. ಕೊಡೆ, ಒಂದು ಚೀಲ, ಕಾಲಿಗೆ ಜಿಗಣೆ ಹತ್ತದಂತೆ ಸುಣ್ಣ ಮತ್ತು ಹೊಗೆಸೊಪ್ಪಿನ ನೀರು. ಬಸುರಿಯರನ್ನು ನೋಡಬೇಕು, ಹೆರಿಗೆಗೆ ಕತ್ತರಿ ಕುದಿಸಬೇಕು, ಕೂಸುಗಳನ್ನು ಬಟ್ಟೆಯಲ್ಲಿ ತೂಗಿ ನೋಡಬೇಕು, ನಿಂತ ನೀರಿಗೆ ಸೀಮೆಎಣ್ಣೆ ಬಿಡಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಮಕ್ಕಳ ಹೊಟ್ಟೆಯ ಎಡಭಾಗ ಒತ್ತಿ, ಚಳಿಜ್ವರಕ್ಕೆ ಗುಲ್ಮ ಊದಿ ಆಗುವ ಜ್ವರಗೆಡ್ಡೆ ಬೆಳೆದಿದೆಯೇ ಎಂದು ನೋಡಬೇಕು. ಹೊಳೆಯ ಹತ್ತಿರದ ಆ ತಗ್ಗಿನಲ್ಲಿ ಮಲೇರಿಯಾ ಚಳಿಜ್ವರ ಬಾರದ ಮನೆಯಿರಲಿಲ್ಲ, ಗೆಡ್ಡೆಯಿಲ್ಲದ ಮಗುವೂ ಅಪರೂಪ.

ಮೂರ್ನಾಡಿನಿಂದ ಕಾವೇರಿಯ ಕಡೆಗೆ ಇಳಿದರೆ, ಒಂದು ತೋಡಿನ ಆಚೆ ನಾಲ್ಕಾರು ಮನೆಗಳ ಊರಿತ್ತು. ಎಲ್ಲರೂ ಅರೆಭಾಷೆ ಎಂಬ ಅವರದೇ ಕನ್ನಡ ಆಡುವ ಗೌಡರು. ಅಲ್ಲಿನ ಪೂವಕ್ಕನ ಮನೆ ನನಗೆ ಎರಡನೆಯ ತವರಿನಂತಿತ್ತು. ಅವಳ ಗಂಡ ಪಟಾಳಂ ಸೇರಿ ಎಲ್ಲೋ ದೂರದ ಯುದ್ಧದಲ್ಲಿದ್ದ. ಮನೆಯಲ್ಲಿ ಅವಳು, ಅತ್ತೆ, ಗದ್ದೆ ನೋಡಿಕೊಳ್ಳುತ್ತಿದ್ದ ಮೈದುನ ಸುಬ್ಬಯ್ಯ. ಜೊತೆಗೆ ಮಕ್ಕಳಿಬ್ಬರು, ಚಿನ್ನಿ ಮತ್ತು ಅವಳ ತಮ್ಮ. ತಮ್ಮನಿಗೆ ಹೆಸರೇನೋ ಇಟ್ಟಿದ್ದರು, ಎಲ್ಲರೂ ಕರೆಯುತ್ತಿದ್ದದ್ದು ತಮ್ಮು ಎಂದೇ. ಅವನನ್ನು ಈ ಲೋಕಕ್ಕೆ ಎಳೆದುಕೊಂಡವಳು ನಾನು. ಸೂಲಗಿತ್ತಿ ಕೈಚೆಲ್ಲಿದ ಮೇಲೆ ಪೂವಕ್ಕನ ಅತ್ತೆ ತಾನಾಗಿ ನನ್ನನ್ನು ಕರೆಸಿದ್ದು ಆ ಊರಿನಲ್ಲಿ ಅದೇ ಮೊದಲು. ಆ ಅಜ್ಜಿ ಬೆಟ್ಟದ ಮೇಲಿನ ಗಾಳಿಬೀಡಿನಿಂದ ಮದುವೆಯಾಗಿ ಬಂದವಳು. “ನಮ್ಮ ಗಾಳಿಬೀಡ್‌ಲಿ ಮಳೆ ಉಟ್ಟು, ಗಾಳಿ ಉಟ್ಟು. ಈ ಹಾಳ್ ಜ್ವರ ಮಾತ್ರ ಇತ್ತ್‌ಲೆ” ಎಂದು ನನ್ನ ಮುಂದೆ ಎಷ್ಟು ಸಲ ಹೇಳಿದಳೋ.

ಚಿನ್ನಿಗೆ ಏಳೋ ಎಂಟೋ ವರ್ಷ. ನಾನು ಅಂಗಳಕ್ಕೆ ಕಾಲಿಟ್ಟರೆ ಚೀಲ ಅವಳದು. ಊರಿನ ಮಕ್ಕಳನ್ನೆಲ್ಲ ಕೂಗಿ ಕರೆದು ಸಾಲಾಗಿ ಮಲಗಿಸಿ, ನನಗಿಂತ ಮೊದಲು ತಾನೇ ಅವರ ಹೊಟ್ಟೆ ಒತ್ತಿ ನೋಡುವಳು. ಒಂದು ದಿನ ಕೊಟ್ಟಿಗೆಯಲ್ಲಿ ಕರುವಿನ ಹೊಟ್ಟೆ ಒತ್ತುತ್ತ ಕೂತಿದ್ದಳು.

“ಎಂಥ ಮಾಡ್ತಿದ್ದೀಯೇ ಅಲ್ಲಿ?” ಎಂದು ನಾನು ಅವರ ಮಾತನ್ನೇ ಆಡಲು ಹೋದೆ.

“ಕರುಗೆ ಗೆಡ್ಡೆ ಉಟ್ಟು ನರ್ಸಮ್ಮ. ಗುಳಿಗೆ ಕೊಡಿ” ಎಂದು ಕೈ ಚಾಚಿದಳು.

ಗುಳಿಗೆಯೇ ಆ ವರ್ಷದ ದೊಡ್ಡ ಕಷ್ಟ. ಚಳಿಜ್ವರದ ಗುಳಿಗೆಯಾದ ಕ್ವಿನೈನ್ ಬರುತ್ತಿದ್ದ ಸೀಮೆ ಜಪಾನಿನವರ ಕೈಗೆ ಬಿದ್ದಿತ್ತು. ಇದ್ದದ್ದೆಲ್ಲ ಮೊದಲು ಪಟಾಳಂಗೆ ಹೋಗುತ್ತಿತ್ತು, ಉಳಿದದ್ದರಲ್ಲಿ ನಮಗೆ. ಮಡಿಕೇರಿಯಿಂದ ಒಂದು ವಾರ ಬಂದರೆ ಎರಡು ವಾರ ಇಲ್ಲ. ಮಗುವಿಗೆ ಜ್ವರ ಬಿಟ್ಟ ಮೇಲೂ ಇಷ್ಟು ದಿನ ತಪ್ಪದೆ ಕೊಡಬೇಕು ಎಂದು ನಮಗೆ ಕಲಿಸಿದ್ದರು. ಚೀಲದಲ್ಲಿ ಗುಳಿಗೆ ಇದ್ದಾಗ ಕೊಟ್ಟೆ. ಇಲ್ಲದಾಗ ಬಿಸಿನೀರು ಕುಡಿಸಿ, ಕಂಬಳಿ ಹೊದಿಸಿ ಎಂದು ಹೇಳಿ ಬಂದೆ. ಮಳೆಗಾಲ ಶುರುವಾದ ಮೇಲೆ ಚಿನ್ನಿಗೆ ಜ್ವರ ಬಂತು, ಹೋಯಿತು, ಮತ್ತೆ ಬಂತು. ಅವಳು ಗುಳಿಗೆಯನ್ನು ನಾಲಿಗೆಯ ಮೇಲಿಟ್ಟುಕೊಂಡು ಮುಖ ಕಿವಿಚಿ, ಬೆಲ್ಲಕ್ಕೆ ಕೈ ಚಾಚುತ್ತಿದ್ದಳು. ಎಲ್ಲರಿಗಿಂತ ಜಾಣೆಯಾಗಿ ನುಂಗಿದವಳು ಅವಳೇ.

ಆಟಿಯ ಮಳೆ ಆ ಸಲ ಹಿಡಿದದ್ದು ಬಿಡಲಿಲ್ಲ. ತೋಡು ದಾಟಲು ಹಾಕಿದ್ದ ಬಿದಿರಿನ ಪಾಲ ಕೊಚ್ಚಿಹೋಗಿ ಆಚೆಯ ಊರು ಆಚೆಯೇ ಉಳಿಯಿತು. ಹದಿನೆಂಟು ಬಂತು, ಹೋಯಿತು. ಒಡತಿ ಕೊಟ್ಟ ಪಾಯಸವನ್ನು ಈ ಸಲ ಹೆದರದೆ ತಿಂದೆ. ಮೂರ್ನಾಲ್ಕು ದಿನವಾಗಿ ನೀರು ಸ್ವಲ್ಪ ಇಳಿದು, ಸುಬ್ಬಯ್ಯ ಅಡಿಕೆ ಮರವೊಂದನ್ನು ಅಡ್ಡ ಹಾಕಿದ್ದಾನೆಂದು ಸಂತೆಯಲ್ಲಿ ಕೇಳಿದ ಮೇಲೆ ಹೊರಟೆ. ಅಂಗಳದಲ್ಲಿ ನನ್ನ ಚೀಲ ತೆಗೆದುಕೊಳ್ಳಲು ಯಾರೂ ಓಡಿಬರಲಿಲ್ಲ.

“ಬನ್ನಿ ನರ್ಸಮ್ಮ, ಕುದ್ರಿ, ಕಾಫಿ ಮಾಡ್ನೆ” ಎಂದಳು ಪೂವಕ್ಕ. ಮುಖದಲ್ಲಿ ನಗುವಿತ್ತು. “ಈ ಸಲ ನಮ್ಮ ಚಿನ್ನಿಗೆ ಮದ್ದ್ ಹಿಡ್ದ ಹಾಂಗೆ ಯಾರಿಗೂ ಹಿಡೀಲೆ. ನಮ್ಮದೆಲ್ಲ ಮರುದಿನಕ್ಕೇ ಬೆಳ್ಳಗಾತ್. ಅವಳದ್ದ್ ಇನ್ನೂ ಹೋತುಟ್ಟು.”

ಒಲೆಯ ಹತ್ತಿರ ಕೂತಿದ್ದ ಅಜ್ಜಿ ತಲೆದೂಗಿದಳು. “ಮೈಲಿ ಕಾಯಿಲೆ ಇತ್ತಲ್ಲ, ಅದ್ಕೆ. ಒಳಗಿನ ಕೆಟ್ಟದ್ದೆಲ್ಲ ಬರಲಿ ಹೊರಗೆ.” ಆಮೇಲೆ ನನ್ನ ಕಡೆ ನೋಡಿ ಬೊಚ್ಚುಬಾಯಲ್ಲಿ ನಕ್ಕಳು. “ನೀವು ಹೆದ್ರಿಕಂಬೊದು ಬೇಡ, ಆತ?”

ನಾನೂ ನಗಬೇಕೆಂದು ಬಾಯಿ ತೆರೆದೆ. ಇನ್ನೂ ಹೋಗುತ್ತಿದೆ ಎಂಬ ಮಾತು ಆಗ ತಲೆಗೆ ಹತ್ತಿತು. ಮದ್ದುಸೊಪ್ಪಿನ ಬಣ್ಣ ಒಂದು ದಿನ ಇರುತ್ತದೆ, ಬಹಳವೆಂದರೆ ಮರುದಿನ ಮಧ್ಯಾಹ್ನ. ಅದನ್ನು ನನ್ನಷ್ಟು ಎಚ್ಚರದಿಂದ ನೋಡಿದವರು ಆ ಊರಿನಲ್ಲಿ ಇರಲಿಲ್ಲ. ಚಿನ್ನಿ ಒಳಗೆ ಚಾಪೆಯ ಮೇಲೆ ಕಂಬಳಿ ಹೊದ್ದು ನಡುಗುತ್ತ ಮಲಗಿದ್ದಳು. ಕಣ್ಣಿನ ಬಿಳಿ ಅರಿಶಿನ ಹಚ್ಚಿದ ಹಾಗಿತ್ತು. ಮೂಲೆಯಲ್ಲಿದ್ದ ಮಡಕೆಯನ್ನು ಬೆಳಕಿಗೆ ತಂದು ನೋಡಿದೆ. ಅದರಲ್ಲಿದ್ದದ್ದು ಕೆಂಪಲ್ಲ, ಹಾಲು ಹಾಕದ ಕಾಫಿಯ ಬಣ್ಣ. ಮೈಯೊಳಗಿನ ರಕ್ತ ಒಡೆದು ಮೂತ್ರದಲ್ಲಿ ಹೋಗುವ ಕಪ್ಪುಮೂತ್ರದ ಜ್ವರ ಎಂದು ಪುಸ್ತಕದಲ್ಲಿ ಓದಿದ್ದೆ, ಕಂಡದ್ದು ಅದೇ ಮೊದಲು. ಮನೆಯವರೆಲ್ಲ ಸುತ್ತ ಕೂತು ಸಂತೋಷಪಡುತ್ತಿರುವಾಗಲೇ ಅದು ಬಂದು ಕೂತಿತ್ತು.

ಬೇರೆ ಯಾವ ಸೀಮೆಯಲ್ಲಾದರೂ ಮಗು ರಕ್ತದ ಬಣ್ಣದಲ್ಲಿ ಉಚ್ಚೆ ಹೊಯ್ದರೆ ತಾಯಿ ಎದೆ ಬಡಿದುಕೊಂಡು ಓಡುತ್ತಾಳೆ. ವರ್ಷದಲ್ಲಿ ಒಂದೇ ಒಂದು ದಿನ, ಈ ಜನ ಮಾತ್ರ, ಅದನ್ನು ನೋಡಿ ನಗುತ್ತಾರೆ. ಆ ಜ್ವರ ಆ ದಿನವನ್ನೇ ಆರಿಸಿಕೊಂಡು ಬರಬೇಕಾಗಿತ್ತೇ ಎಂದು ಆಗಲೂ ಹಲ್ಲು ಕಚ್ಚಿದೆ, ಈಗಲೂ ಕಚ್ಚುತ್ತೇನೆ. ಯಾರನ್ನು ಬಯ್ಯಬೇಕೋ ಗೊತ್ತಾಗದ ಸಿಟ್ಟು ಅದು.

ಸುಬ್ಬಯ್ಯ ಮತ್ತು ಪಕ್ಕದ ಮನೆಯವನು ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ ಚಿನ್ನಿಯನ್ನು ಮಲಗಿಸಿಕೊಂಡರು. ಮೇಲೆ ಮಳೆಗೆ ಹೊದೆಯುವ ಎಲೆಯ ಗೊರಬೆ ಮುಚ್ಚಿದೆವು. ಅಡಿಕೆ ಮರದ ಮೇಲೆ ತೋಡು ದಾಟುವಾಗ ಪೂವಕ್ಕ ನನ್ನ ಸೆರಗು ಹಿಡಿದುಕೊಂಡಿದ್ದಳು. ಮೂರ್ನಾಡಿನಲ್ಲಿ ಬಸ್ಸಿರಲಿಲ್ಲ, ರಸ್ತೆಗೆ ಮಣ್ಣು ಕುಸಿದಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರೊಬ್ಬರು ಲಾರಿ ಕೊಟ್ಟರು. ಕುಸಿದಲ್ಲಿ ಇಳಿದು ಹೊತ್ತುಕೊಂಡು ದಾಟಿ, ಆಚೆ ಇನ್ನೊಂದು ಗಾಡಿ ಹಿಡಿದು ಮಡಿಕೇರಿ ಸೇರಿದೆವು. ದಾರಿಯಲ್ಲಿ ಚಿನ್ನಿ ಒಂದು ಸಲ ಕಣ್ಣು ತೆರೆದು, ಗುಳಿಗೆ ನುಂಗಿದರೆ ಬೆಲ್ಲ ಇದೆಯಾ ಎಂದು ಕೇಳಿದಳು. ಇದೆ ಎಂದೆ.

ಡಾಕ್ಟರು ಒಳ್ಳೆಯವರು, ವಯಸ್ಸಾದವರು. ಮಗುವನ್ನು ನೋಡಿ ಮೊದಲು ಹೇಳಿದ್ದು ಕ್ವಿನೈನ್ ನಿಲ್ಲಿಸಿ ಎಂದು. ಸೋಡಾ ಹಾಕಿದ ನೀರು ಕುಡಿಸುತ್ತ ಕೂತೆವು. ಆಮೇಲೆ ಮೂತ್ರವೇ ಬರಲಿಲ್ಲ. ಕಪ್ಪಗಾದರೂ ಬರಲಿ ಎಂದು ಪೂವಕ್ಕ ಮಡಕೆ ಹಿಡಿದು ಕಾಯುತ್ತಿದ್ದಳು. ಮಾರನೆಯ ಮಧ್ಯಾಹ್ನ, ಮಳೆ ಸ್ವಲ್ಪ ಬಿಟ್ಟು ಕಿಟಕಿಯಲ್ಲಿ ಬೆಳಕಾಗಿದ್ದಾಗ ಚಿನ್ನಿ ಹೋದಳು.

ನಾನು ಡಾಕ್ಟರನ್ನು ಕೇಳಿದೆ. ಯಾಕೆ ಹೀಗಾಯಿತು ಸಾರ್, ಇದ್ದಾಗಲೆಲ್ಲ ಹೇಳಿದ ಹಾಗೆಯೇ ಕೊಟ್ಟೆನಲ್ಲ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಕ್ವಿನೈನ್‌ನಿಂದಲೇ ಬಂದಿರಬಹುದು. ಕೊಟ್ಟು ಬಿಟ್ಟು, ಬಿಟ್ಟು ಕೊಟ್ಟು ಮಾಡಿದ್ದರಿಂದ ಬಂದಿರಬಹುದು. ಜ್ವರದಿಂದಲೂ ಇರಬಹುದು. ನನಗೆ ಗೊತ್ತಿಲ್ಲ ತಾಯಿ, ಯಾರಿಗೂ ಸರಿಯಾಗಿ ಗೊತ್ತಿಲ್ಲ” ಎಂದರು. ಪಕ್ಕದಲ್ಲಿ ನಿಂತಿದ್ದ ಸುಬ್ಬಯ್ಯನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಅದು ಅವನ ಜೊತೆ ತೋಡು ದಾಟಿ ಊರು ಸೇರಿತು.

ಆ ಮೇಲೆ ಯಾರೂ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ನಾಲ್ಕು ಮಾತು ಹೇಳಬಹುದಿತ್ತು. ಹೋದಾಗ ಮಣೆ ಹಾಕಿದರು, ಕಾಫಿ ಕೊಟ್ಟರು, ಗುಳಿಗೆ ಕೊಟ್ಟರೆ ಎರಡು ಕೈಯಲ್ಲಿ ತೆಗೆದುಕೊಂಡರು. ಒಂದು ದಿನ ಮರೆತ ಕೊಡೆಗೆಂದು ತಿರುಗಿ ಬಂದಾಗ ಅಜ್ಜಿ ಹಿತ್ತಲಲ್ಲಿ ನಿಂತು ಗುಳಿಗೆಗಳನ್ನು ಬಾಳೆಯ ಬುಡಕ್ಕೆ ಹಾಕುತ್ತಿದ್ದಳು. ನನ್ನನ್ನು ಕಂಡು ಮುಚ್ಚಿಡಲೂ ಇಲ್ಲ.

“ಅದ್ ತಿಂದ್ ತಿಂದ್ ನಮ್ಮ ಚಿನ್ನಿ ಗೂಡೆನ ರಕ್ತ ಕರಗಿ ಹೋತ್” ಎಂದಳು. “ಮದ್ದ್‌ಸೊಪ್ಪು ನಮ್ಮ ಅಜ್ಜಂದಿರ ಕಾಲಂದ ತಿಂದವು. ಅದರಂದ ಒಬ್ಬ ಸತ್ತದ್ದ್ ಕಾಣ್ಲೆ.”

ಮದ್ದುಸೊಪ್ಪಿನಿಂದ ಯಾರೂ ಸತ್ತಿರಲಿಲ್ಲ, ಅದು ನಿಜ. ಅದರ ಬಣ್ಣ ಜ್ವರದ ಬಣ್ಣವನ್ನು ಮುಚ್ಚಿತೆಂದು ಬಿಡಿಸಿ ಹೇಳಿದೆ. ಕೇಳಿಸಿಕೊಂಡಳು, ಬಾಳೆಗೆ ಇನ್ನೊಂದಿಷ್ಟು ಮಣ್ಣು ಎಳೆದಳು. ಊರಿನ ಉಳಿದ ಮನೆಗಳಲ್ಲೂ ಹಾಗೆಯೇ. ಜಗಳವಾಡುವವರನ್ನು ಒಲಿಸಿಕೊಳ್ಳಬಹುದು, ಮರ್ಯಾದೆಯಿಂದ ಕಾಫಿ ಕೊಡುವವರನ್ನು ಒಲಿಸುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಗದ್ದೆಯಲ್ಲಿ ತೆನೆ ಕಾಣುವ ಹೊತ್ತಿಗೆ ತಮ್ಮುವಿಗೆ ಜ್ವರ ಹಿಡಿಯಿತು. ಮಗು ಬೆಳ್ಳಗಾಗುತ್ತ ಹೋಯಿತು. ಮಳೆಗಾಲಕ್ಕೆ ಮುಂಚೆ ಮೂರ್ನಾಡಿನಲ್ಲಿ ನಡೆಸಿದ ಮಕ್ಕಳ ಪ್ರದರ್ಶನದಲ್ಲಿ ದೊರೆಸಾನಿಯೊಬ್ಬಳು ದಷ್ಟಪುಷ್ಟ ಮಗುವೆಂದು ಆರಿಸಿ ಅವನಿಗೆ ಒಂದು ಉಲ್ಲನ್ ಟೋಪಿ ಕೊಟ್ಟಿದ್ದಳು. ಈಗ ಅದೇ ಟೋಪಿ ಅವನ ಹುಬ್ಬಿನವರೆಗೆ ಇಳಿಯುತ್ತಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟರೆ ಗೆಡ್ಡೆ ಹೊಕ್ಕಳಿನ ಹತ್ತಿರಕ್ಕೆ ಬಂದಿತ್ತು. ಹೋದಾಗಲೆಲ್ಲ ಪೂವಕ್ಕನನ್ನು ಬೇಡಿಕೊಂಡೆ. ಗುಳಿಗೆ ಕೊಡು, ಕೊಡದಿದ್ದರೆ ಇವನು ಉಳಿಯುವುದಿಲ್ಲ. ಅವಳು ಅತ್ತೆಯ ಕಡೆ ನೋಡುವಳು, ಮಗುವಿನ ಕಡೆ ನೋಡುವಳು, ನೆಲ ನೋಡುವಳು.

ತುಲಾ ಸಂಕ್ರಮಣ ಕಳೆದು ಕೆಲವು ದಿನಗಳಾಗಿದ್ದವು. ತಲಕಾವೇರಿಯಲ್ಲಿ ತೀರ್ಥ ಉಕ್ಕಿದ ಮೇಲೆ ಹೋದವರು ಅದನ್ನು ಗಿಂಡಿಯಲ್ಲಿ ತಂದು ಮನೆಮನೆಗೆ ಹಂಚುತ್ತಾರೆ, ಸಾಯುವವರ ಬಾಯಿಗೆ ಬಿಡಲೆಂದು ವರ್ಷವಿಡೀ ಇಟ್ಟುಕೊಳ್ಳುತ್ತಾರೆ. ಅದನ್ನು ಮುಟ್ಟಿ ಆಡಿದ ಮಾತಿಗೆ ಕೊಡಗಿನಲ್ಲಿ ಎರಡನೆಯ ಮಾತಿಲ್ಲ. ಕೋರ್ಟಿನಲ್ಲಿ ಧಾರಾಳವಾಗಿ ಸುಳ್ಳು ಹೇಳಿ ಬಂದವರೂ ಆ ಗಿಂಡಿಯ ಹತ್ತಿರ ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ. ಆ ದಿನ ಅಜ್ಜಿ ಗದ್ದೆಯ ಕಡೆ ಹೋಗಿದ್ದಳು. ಪೂವಕ್ಕ ದೇವರ ದೀಪದ ಹತ್ತಿರದಿಂದ ಗಿಂಡಿ ತಂದು ನನ್ನ ಮುಂದೆ ಇಟ್ಟಳು.

“ಇದರ ಮುಟ್ಟಿ ಹೇಳಿ ನರ್ಸಮ್ಮ. ಗುಳಿಗೆ ಕೊಟ್ಟರೆ ತಮ್ಮುಗೆ ಆ ಬಣ್ಣ ಬಾಲೆ ತ ಹೇಳಿ. ಅತ್ತೆ ಎಂಥ ಬೇಕಾದ್ರೂ ಹೇಳಲಿ, ನಾ ಈಗಲೇ ಕೊಡ್ನೆ.”

ಬರುವುದಿಲ್ಲ ಎಂದು ಹೇಳಬೇಕು, ಅಷ್ಟೇ. ಮಗು ಅವಳ ತೊಡೆಯ ಮೇಲೆ ಬಾಯಿ ತೆರೆದುಕೊಂಡು ಮಲಗಿತ್ತು. ನನ್ನ ಚೀಲದಲ್ಲಿ ಅರ್ಧ ವಾರಕ್ಕೆ ಸಾಲುವಷ್ಟು ಗುಳಿಗೆಗಳಿದ್ದವು, ಮುಂದಿನದು ಯಾವಾಗ ಬರುತ್ತದೋ ಮಡಿಕೇರಿಯವರಿಗೂ ಗೊತ್ತಿರಲಿಲ್ಲ. ಕೊಟ್ಟು ಬಿಟ್ಟು ಮಾಡಿದ್ದರಿಂದ ಬಂದಿರಬಹುದು ಎಂದ ಡಾಕ್ಟರ ಮಾತು ಕಿವಿಯಲ್ಲಿತ್ತು. ಕಾವೇರಮ್ಮನ ಮೇಲೆ ನನಗೆ ಅವಳಷ್ಟು ನಂಬಿಕೆ ಇತ್ತೆಂದು ಹೇಳಲಾರೆ. ಆದರೆ ಅವಳಿಗಿತ್ತು. ಅವಳ ನಂಬಿಕೆಯ ಮೇಲೆ ಕೈಯಿಟ್ಟು ನನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲು ನಾಲಿಗೆ ಏಳಲಿಲ್ಲ.

“ಹಾಗಂತ ಆಣೆ ಇಡೋಕೆ ಆಗಲ್ಲ ಕಣವ್ವ” ಎಂದೆ. “ನೂರಕ್ಕೆ ಒಂದು ಮಗುಗೂ ಬರಲ್ಲ ಅದು. ಕೊಡದೆ ಇದ್ರೆ ಮಾತ್ರ ಇವನು ಹೋಗ್ತಾನೆ. ಅದನ್ನ ಬೇಕಾದ್ರೆ ಮುಟ್ಟಿ ಹೇಳ್ತೀನಿ.”

“ಅದ್ ನಂಗೂ ಗೊತ್ತುಟ್ಟು” ಎಂದಳು ಪೂವಕ್ಕ. ಗಿಂಡಿಯನ್ನು ಎತ್ತಿಕೊಂಡು ಹೋಗಿ ಇದ್ದ ಜಾಗದಲ್ಲೇ ಇಟ್ಟಳು. ಆಮೇಲೆ ಕಾಫಿ ಮಾಡಿಕೊಟ್ಟಳು.

ನಾನು ಮಾಡಿದ್ದು ತಪ್ಪೆಂದು ಈಗಲೂ ಒಪ್ಪುವುದಿಲ್ಲ. ಬೇರೆಯವರು ನನ್ನ ಜಾಗದಲ್ಲಿದ್ದು ತೋರಿಸಲಿ. ಆ ತಾಯಿಗೆ ಒಂದು ಮಗುವನ್ನು ಜ್ವರ ತೆಗೆದುಕೊಂಡರೆ ಅದು ಹಣೆಬರಹ. ತನ್ನ ಕೈಯಾರೆ ಕೊಟ್ಟ ಗುಳಿಗೆ ತೆಗೆದುಕೊಂಡರೆ ಅದನ್ನು ಎಲ್ಲಿಡಬೇಕು? ಅವಳೂ ತಪ್ಪು ಮಾಡಲಿಲ್ಲ. ಯಾರದೂ ತಪ್ಪಿಲ್ಲದೆ ತಮ್ಮು ದಿನಕ್ಕಿಷ್ಟು ಎಂದು ಕರಗಿದ.

ಹುತ್ತರಿ ಹಬ್ಬದ ದಿನ ಹೊಸ ಕದಿರು ತೆಗೆಯಲು ಊರಿನವರೆಲ್ಲ ಗದ್ದೆಗೆ ಇಳಿದರು. ಪೂವಕ್ಕನ ಮನೆಯವರು ಮಾತ್ರ ಹೋಗಲಿಲ್ಲ. ಹಿಂದಿನ ದಿನ ತಮ್ಮು ಫಿಟ್ಸ್ ಬಂದು ತೀರಿಕೊಂಡಿದ್ದ. ಆ ಗಿಂಡಿಯ ತೀರ್ಥವನ್ನೇ ಬಾಯಿಗೆ ಬಿಟ್ಟರಂತೆ. ನಾನು ಹೋದಾಗ ಎಲ್ಲ ಮುಗಿದಿತ್ತು. ಅಜ್ಜಿ ನನ್ನ ಕೈ ಹಿಡಿದುಕೊಂಡು, “ನಂಗೆ ಗಾಳಿಬೀಡ್‌ಗೆ ಹೋಕು” ಎಂದು ತವರು ನೆನೆದು ಮಗುವಿನ ಹಾಗೆ ಅತ್ತಳು. ಪೂವಕ್ಕ ಅಳಲಿಲ್ಲ. ಅಂಗಳ ಗುಡಿಸುತ್ತಿದ್ದಳು.

ಆ ಬೇಸಿಗೆ ಬರುವ ಮೊದಲೇ ವರ್ಗಕ್ಕೆ ಬರೆದುಕೊಂಡೆ. ಸಿಕ್ಕಿತು. ಹೊರಡುವ ದಿನ ಮೂರ್ನಾಡಿನಲ್ಲಿ ಬಸ್ಸಿನಲ್ಲಿ ಕೂತಿದ್ದೆ. ಪೂವಕ್ಕ ಸಂತೆಯ ಜನರನ್ನು ಸರಿಸಿಕೊಂಡು ಕಿಟಕಿಯ ಹತ್ತಿರ ಬಂದಳು. ಬಟ್ಟೆಯಲ್ಲಿ ಕಟ್ಟಿದ ಹೊಸ ಅಕ್ಕಿಯನ್ನು ಒಳಗೆ ನೀಡಿದಳು. ಅವರ ಕಡೆ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಆಮೇಲೆ ಹೇಳಿದಳು, ಸಿಟ್ಟಿಲ್ಲದೆ, ಉಪ್ಪು ಸ್ವಲ್ಪ ಕಡಿಮೆಯಾಗಿತ್ತು ಎನ್ನುವ ಹಾಗೆ.

“ಅಂದ್ ನೀವು ಒಂದ್ ಸುಳ್ಳ್ ಹೇಳಿದ್ದರೆ ಆಗ್ತಿತ್ತ್ ನರ್ಸಮ್ಮ. ನಾ ನಂಬ್ತಿದ್ದೆ.”

ಬಸ್ಸು ಹೊರಡುವವರೆಗೂ ಅವಳು ಅಲ್ಲೇ ನಿಂತಿದ್ದಳು. ಅಕ್ಕಿಯ ಗಂಟು ನನ್ನ ಮಡಿಲಲ್ಲಿತ್ತು.

ನಿನ್ನೆ ಪೋಸ್ಟ್ ಮಾಸ್ಟರ ಹೆಂಡತಿ ಡಬ್ಬಿ ತೆಗೆದುಕೊಂಡು ಹೋಗಲು ಬಂದಳು. “ತಿಂದ್ರಾ ಅಮ್ಮ? ಮದ್ದು ಹಿಡೀತಾ?” ಎಂದು ಕಣ್ಣು ಅರಳಿಸಿ ಕೇಳಿದಳು. ತಿಂದೆ ಕಣಮ್ಮ, ಚೆನ್ನಾಗಿ ಹಿಡೀತು ಎಂದೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಬರುವ ವರ್ಷ ಇನ್ನೂ ಹೆಚ್ಚು ತರುತ್ತೇನೆ ಎಂದಳು. ಪಾಯಸವನ್ನು ನಾನು ಮೊನ್ನೆಯೇ ಹಿತ್ತಲಿಗೆ ಹೋಗಿ ಬಾಳೆಯ ಬುಡಕ್ಕೆ ಸುರಿದಿದ್ದೆ.